ಕೈಗಾದ ಹೊಸ ಘಟಕಗಳಿಂದ ಬೆಳಗಾವಿಯ ಫೌಂಡ್ರಿಗಳಿಗೆ ಕೆಲಸ ಸಿಗುವುದೇ?

ಪ್ರಶ್ನೆ: ಕೈಗಾದಲ್ಲಿ ಐದು ಮತ್ತು ಆರನೇ ಅಣು ವಿದ್ಯುತ್ ಘಟಕಗಳು ಬರುತ್ತಿವೆ. ಸಾವಿರಾರು ಕೋಟಿ ರೂಪಾಯಿಯ ಈ ಹೂಡಿಕೆಯಲ್ಲಿ ಪಕ್ಕದ ಜಿಲ್ಲೆಯವರಾದ ನಮ್ಮ ಪಾಲು ಏನು?

ಉತ್ತರ: ಪಾಲು ದಕ್ಕಬಹುದು, ಆದರೆ ಪಕ್ಕದ ಜಿಲ್ಲೆ ಎಂಬ ಕಾರಣಕ್ಕಲ್ಲ. ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕುಳಿತರೂ ಊಟ ಸಿಗುತ್ತದೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಹಣ ಹರಿಯುವ ದಾರಿ ನೋಡಿ. ತಲಾ 700 ಮೆಗಾವಾಟ್‌ನ ಹತ್ತು ರಿಯಾಕ್ಟರ್‌ಗಳಿಗೆ ಕೇಂದ್ರ ಸಂಪುಟ 2017ರಲ್ಲಿ ಒಟ್ಟಿಗೆ ಒಪ್ಪಿಗೆ ನೀಡಿತು. ಹತ್ತಕ್ಕೂ ಸೇರಿ ಅಂದಾಜು ವೆಚ್ಚ 1,05,000 ಕೋಟಿ ರೂಪಾಯಿ. ಸರಾಸರಿ ಹಿಡಿದರೆ ಕೈಗಾದ ಎರಡಕ್ಕೆ 21,000 ಕೋಟಿ. ಅದರಲ್ಲಿ 12,800 ಕೋಟಿಯ ಗುತ್ತಿಗೆಯನ್ನು ಭಾರತೀಯ ಅಣು ವಿದ್ಯುತ್ ನಿಗಮ 2025ರಲ್ಲಿ ಹೈದರಾಬಾದ್‌ನ ಮೇಘಾ ಎಂಜಿನಿಯರಿಂಗ್ ಕಂಪನಿಗೆ ನೀಡಿದೆ. ಹಾಗಾಗಿ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಫೌಂಡ್ರಿಗೆ, ಅಂದರೆ ಲೋಹದ ಎರಕದ ಕಾರ್ಖಾನೆಗೆ, ಕೆಲಸದ ವಿಚಾರಣೆ ಬರುವುದಾದರೆ ಕೈಗಾದಿಂದ ನೇರವಾಗಿ ಬರುವ ಸಾಧ್ಯತೆ ಕಡಿಮೆ. ಎಲ್ಲಿಯೋ ದೂರದ ಪಂಪ್ ಅಥವಾ ವಾಲ್ವ್ ತಯಾರಕರಿಂದ ಬರುತ್ತದೆ.

ಎರಕ ಹೊಯ್ಯುವ ಕೈ ಬೆಳಗಾವಿಗೆ ಹೊಸದಲ್ಲ. ಕಷ್ಟವಿರುವುದು ದಾಖಲೆಯಲ್ಲಿ. ಅಣು ಸ್ಥಾವರದ ಮುಖ್ಯ ಭಾಗಗಳಿಗೆ ಹೋಗುವ ಪ್ರತಿ ಎರಕದ ಜೊತೆ ಅದರ ಜಾತಕವೂ ಹೋಗಬೇಕು: ಯಾವ ಹೀಟ್‌ನಲ್ಲಿ (ಕುಲುಮೆಯ ಯಾವ ಸುತ್ತಿನಲ್ಲಿ) ಕರಗಿದ ಲೋಹ, ಅದರ ರಾಸಾಯನಿಕ ಪ್ರಮಾಣವೇನು, ಒಳಗಿನ ದೋಷ ತೋರಿಸುವ ರೇಡಿಯಾಗ್ರಫಿ ಪರೀಕ್ಷೆ ಮಾಡಿದವರು ಯಾರು. ಗಾಳಿಗುಳ್ಳೆಯೊಂದನ್ನು ವೆಲ್ಡಿಂಗ್‌ನಿಂದ ಮುಚ್ಚಬೇಕಾದರೂ ಅನುಮತಿ ಬೇಕು, ಅದೂ ದಾಖಲಾಗಬೇಕು. ಸಣ್ಣ ಫೌಂಡ್ರಿ ಒಂಟಿಯಾಗಿ ಈ ವೆಚ್ಚ ಹೊರುವುದು ಕಷ್ಟ. ಆದ್ದರಿಂದ ಮೀಸಲು ಕೇಳುವ ಮನವಿಪತ್ರಗಳಿಗಿಂತ, ಹತ್ತಾರು ಫೌಂಡ್ರಿಗಳು ಕೂಡಿ ಬಳಸುವ ಪರೀಕ್ಷಾ ಪ್ರಯೋಗಾಲಯಕ್ಕೆ ಸರ್ಕಾರದ ನೆರವು ಕೇಳುವುದೇ ಸರಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ವಿದ್ಯುತ್ತಿನ ಮಾತು ಬೇರೆ. ಅದು ಗ್ರಿಡ್‌ಗೆ ಸೇರುತ್ತದೆ, ಬೆಳಗಾವಿಗೆಂದು ಪ್ರತ್ಯೇಕ ತಂತಿ ಬರುವುದಿಲ್ಲ. ಆದರೂ ಕೈಗಾದ ಮೊದಲ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಎಡೆಬಿಡದೆ ಓಡಿತ್ತು. ಕುಲುಮೆಯಲ್ಲಿ ಲೋಹ ಕರಗುವಾಗ ಕರೆಂಟ್ ಹೋಗಿ ಗಟ್ಟಿಯಾದದ್ದನ್ನು ಕಂಡವರಿಗೆ ಅಂಥ ಸ್ಥಿರ ವಿದ್ಯುತ್ತಿನ ಬೆಲೆ ಗೊತ್ತು.

ಇನ್ನೊಂದು ಸಂಗತಿ: ಉಳಿದ ಎಂಟು ರಿಯಾಕ್ಟರ್‌ಗಳು ಹರಿಯಾಣದ ಗೋರಖಪುರ, ಮಧ್ಯಪ್ರದೇಶದ ಚುಟ್ಕಾ, ರಾಜಸ್ಥಾನದ ಮಾಹಿ ಬಾನ್ಸ್‌ವಾಡಾಗಳಲ್ಲಿ ಬರಬೇಕಿವೆ. ಹತ್ತಕ್ಕೂ ಮೂಲ ವಿನ್ಯಾಸ ಒಂದೇ. ಕೈಗಾಕ್ಕೆ ಒಪ್ಪಿಗೆಯಾದ ಪಂಪ್ ಕವಚದ ಪ್ಯಾಟರ್ನ್ (ಎರಕದ ಅಚ್ಚು ಮಾಡುವ ಮಾದರಿ) ಅಲ್ಲಿಗೂ ಬೇಕಾಗಬಹುದು.