ಖೇಜಡಿ: ಮಾರವಾಡದ ಹೊಲದಲ್ಲಿ ನಿಂತ ಬನ್ನಿ

ರಾಜಸ್ಥಾನ ಎಂದರೆ ನಮಗೆ ಕೋಟೆ, ಒಂಟೆ, ಮರಳುದಿಬ್ಬ. ಅಲ್ಲಿನ ರೈತನನ್ನು ಕೇಳಿದರೆ ಅವನು ಮೊದಲು ಹೇಳುವ ಹೆಸರು ಬಹುಶಃ ಖೇಜಡಿಯದು. 1983ರಲ್ಲಿ ರಾಜ್ಯವೃಕ್ಷವೆಂದು ಘೋಷಣೆಯಾದ ಈ ಮುಳ್ಳುಮರ ನಮಗೇನೂ ಹೊಸತಲ್ಲ. ವಿಜಯದಶಮಿಗೆ ಸುತ್ತು ಬಂದು ಕೈಮುಗಿಯುವ ಬನ್ನಿಯೇ ಅದು, ಸಂಸ್ಕೃತದ ಶಮೀ. ತೆಲುಗರು ಜಮ್ಮಿ ಎನ್ನುತ್ತಾರೆ, ಸಿಂಧಿನವರು ಕಂಡಿ ಎನ್ನುತ್ತಾರೆ. ದುಬೈಯಲ್ಲಿರುವ ಕನ್ನಡಿಗರು ಗಾಫ್ ಎಂದು ಕೇಳಿರುವ, ಯುಎಇಯ ರಾಷ್ಟ್ರವೃಕ್ಷವೂ ಇದೇ. ಪಾಂಡವರು ಆಯುಧ ಬಚ್ಚಿಟ್ಟ ವಿರಾಟನಗರಿಯನ್ನು ಜೈಪುರದ ಉತ್ತರಕ್ಕಿರುವ ಬೈರಾಟ್ ಎಂದು ಗುರುತಿಸುವುದು ವಾಡಿಕೆ. ಹಾನಗಲ್ಲಿನವರು ಇದನ್ನು ಒಪ್ಪಲಿಕ್ಕಿಲ್ಲ ಬಿಡಿ, ಅವರೂರಿಗೆ ಶಾಸನಗಳಲ್ಲೇ ವಿರಾಟನಕೋಟೆ ಎಂಬ ಹೆಸರಿದೆ.

ನಾವು ಬನ್ನಿಯನ್ನು ನೆನೆಯುವುದು ವರ್ಷಕ್ಕೊಮ್ಮೆ. ಜೋಧಪುರದ ಸುತ್ತಲಿನ ಒಣಸೀಮೆಯಾದ ಮಾರವಾಡದಲ್ಲಿ ಅದು ದಿನನಿತ್ಯದ ಬದುಕಿನ ಮರ. ಥಾರ್‌ನಲ್ಲಿ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಖೇಜಡಿ ಮಳೆಗಾಗಿ ಕಾಯುವುದಿಲ್ಲ. ಅದರ ತಾಯಿಬೇರು ಹತ್ತಾರು ಮೀಟರ್ ಆಳಕ್ಕಿಳಿದು ತೇವ ಹುಡುಕುತ್ತದೆ. ಹಾಗಾಗಿಯೇ ಸುತ್ತಲಿನ ಹಸಿರೆಲ್ಲ ಸುಟ್ಟುಹೋಗುವ ಬೇಸಿಗೆಯಲ್ಲೇ ಇದು ಚಿಗುರಿ, ಹೂಬಿಟ್ಟು, ಕಾಯಿ ಕಟ್ಟುತ್ತದೆ. ದ್ವಿದಳ ಜಾತಿಯ ಮರವಾದ್ದರಿಂದ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ನಮ್ಮಲ್ಲಿ ಮರದ ನೆರಳಿಗೆ ಬೆಳೆ ಸೊರಗುತ್ತದೆ ಎಂದು ಕೊಡಲಿ ಎತ್ತುತ್ತೇವೆ. ಅಲ್ಲಿ ಖೇಜಡಿಯ ಬುಡದಲ್ಲೇ ಸಜ್ಜೆ ಹುಲುಸಾಗಿ ಬರುವುದನ್ನು ತಲೆತಲಾಂತರದಿಂದ ಕಂಡವರು ಹೊಲದ ನಡುವೆಯೇ ಅದನ್ನು ಬೆಳೆಯಲು ಬಿಟ್ಟಿದ್ದಾರೆ.

ಮರದ ಒಂದೊಂದು ಭಾಗಕ್ಕೂ ಅಲ್ಲಿ ಬೇರೆ ಹೆಸರು. ಚಳಿಗಾಲದಲ್ಲಿ ಕೊಂಬೆ ಸವರಿ ಒಣಗಿಸಿದ ಎಲೆ ‘ಲೂಂಗ್’, ಆಡು ಮತ್ತು ಒಂಟೆಗಳ ಮೇವು. ಎಳೆಗಾಯಿ ‘ಸಾಂಗ್ರಿ’. ಹಣ್ಣಾಗಿ ಒಣಗಿದರೆ ಅದೇ ‘ಖೋಖಾ’, ಮಕ್ಕಳು ಆರಿಸಿ ತಿನ್ನುವ ಸಿಹಿ. ಸಾಂಗ್ರಿಯನ್ನು ಬೇಯಿಸಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಕೇರ್ ಎಂಬ ಮುಳ್ಳುಪೊದೆಯ ಪುಟ್ಟ ಕಾಯಿಯ ಜೊತೆ ಎಣ್ಣೆಯಲ್ಲಿ ಬಾಡಿಸಿದರೆ ಪ್ರಸಿದ್ಧ ಕೇರ್-ಸಾಂಗ್ರಿ ಸಿದ್ಧ. ತರಕಾರಿ ಕಾಣದ ತಿಂಗಳುಗಳಿಗೆಂದು ಹುಟ್ಟಿದ ಬಡವರ ಪಲ್ಯ ಈಗ ಮದುವೆಮನೆಗಳ ವಿಶೇಷ. ಒಳ್ಳೆಯ ಸಾಂಗ್ರಿ ಬೆಲೆಯಲ್ಲಿ ಬಾದಾಮಿಯನ್ನೂ ಮೀರಿಸುವುದುಂಟು. 1868-69ರ ರಜಪೂತಾನಾ ಬರದಲ್ಲಿ ತಿನ್ನಲು ಬೇರೇನೂ ಸಿಗದ ಜನ ಇದರ ತೊಗಟೆಯನ್ನೇ ಬೀಸಿ ಹಿಟ್ಟು ಮಾಡಿಕೊಂಡರು. ಒಂದು ಖೇಜಡಿ, ಒಂದು ಆಡು, ಒಂದು ಒಂಟೆ ಇದ್ದವನ ಹತ್ತಿರ ಬರಗಾಲದಲ್ಲೂ ಸಾವು ಸುಳಿಯದು ಎಂಬ ಅಲ್ಲಿನ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಇಷ್ಟು ತಿಳಿದ ಮೇಲೆ 1730ರ ಘಟನೆಯನ್ನು ನೋಡಬೇಕು. ಜೋಧಪುರದ ಮಹಾರಾಜ ಅಭಯಸಿಂಹನ ಅರಮನೆ ಕೆಲಸಕ್ಕೆ ಸುಣ್ಣ ಸುಡಲು ಸೌದೆ ಬೇಕಿತ್ತು. ದಿವಾನ ಗಿರಿಧರ ಭಂಡಾರಿಯ ಆಳುಗಳು ಮರ ಕಡಿಯಲು ಬಂದದ್ದು ಖೇಜಡಲಿಗೆ. ಊರಿಗೆ ಆ ಹೆಸರು ಬಂದದ್ದೂ ಈ ಮರದಿಂದಲೇ. ಅಲ್ಲಿದ್ದವರು ಬಿಷ್ಣೋಯಿಗಳು. 1485ರಲ್ಲಿ ಗುರು ಜಂಭೇಶ್ವರರು ಹಾಕಿಕೊಟ್ಟ 29 ನಿಯಮಗಳನ್ನು ಪಾಲಿಸುವ ಪಂಥ ಇದು, ಹಸಿಮರ ಕಡಿಯಬಾರದು ಎಂಬುದು ಆ ನಿಯಮಗಳಲ್ಲೊಂದು. ಅಮೃತಾದೇವಿ ಎಂಬಾಕೆ ಮರವನ್ನು ತಬ್ಬಿ ನಿಂತಳು. ತಲೆ ಕೊಟ್ಟು ಮರ ಉಳಿದರೆ ಅದೂ ಅಗ್ಗವೇ ಎಂದಳಂತೆ. ಅವಳನ್ನು ಕಡಿದರು, ಅವಳ ಮೂವರು ಹೆಣ್ಣುಮಕ್ಕಳನ್ನೂ ಕಡಿದರು. ಸುದ್ದಿ ಹರಡಿ ಸುತ್ತಲಿನ ಹಳ್ಳಿಗಳ ಜನ ಬಂದು ಒಬ್ಬರಾದ ಮೇಲೊಬ್ಬರು ಮರಗಳಿಗೆ ಆತುಕೊಂಡರು. ಒಟ್ಟು 363 ಮಂದಿ ಸತ್ತರು. ಕೊನೆಗೆ ರಾಜನೇ ಕಡಿತ ನಿಲ್ಲಿಸಿ, ಬಿಷ್ಣೋಯಿ ಹಳ್ಳಿಗಳಲ್ಲಿ ಮರ ಮುಟ್ಟಬಾರದೆಂದು ಆಜ್ಞೆ ಹೊರಡಿಸಿದ. ಇದನ್ನು ಬರೀ ಭಕ್ತಿಯ ಕಥೆಯಾಗಿ ಹೇಳುವವರೇ ಹೆಚ್ಚು. ಮೇವು, ಪಲ್ಯ, ಬರಗಾಲದ ಹಿಟ್ಟು ಎಲ್ಲವೂ ಆ ಮರದಲ್ಲೇ ಇತ್ತು ಎಂಬುದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವೇ ಆಗುತ್ತದೆ ಎಂದು ನನಗನಿಸುತ್ತದೆ.

ಖೇಜಡಿಗೊಬ್ಬ ಪರದೇಶಿ ದಾಯಾದಿಯೂ ಇದ್ದಾನೆ. ಅಮೆರಿಕ ಖಂಡದಿಂದ ಬಂದ ಆ ಮರವನ್ನು ಮರಳು ತಡೆಯಲೆಂದು ಮಾರವಾಡದಲ್ಲಿ ಉತ್ಸಾಹದಿಂದ ನೆಟ್ಟರು, ಜೋಧಪುರ ಸಂಸ್ಥಾನ 1940ರಲ್ಲಿ ಅದನ್ನು ರಾಜಸಸ್ಯವೆಂದೇ ಸಾರಿತು. ಈಗ ಅದು ಗೋಮಾಳಗಳನ್ನೆಲ್ಲ ನುಂಗಿ ಕೂತಿದೆ. ಅಲ್ಲಿ ಅದನ್ನು ವಿಲಾಯತಿ ಬಬೂಲ್ ಎನ್ನುತ್ತಾರೆ, ನಮ್ಮಲ್ಲಿ ಬಳ್ಳಾರಿ ಜಾಲಿ. ಪಾಪ, ಬಳ್ಳಾರಿಗೂ ಅದಕ್ಕೂ ಹುಟ್ಟಿನ ಸಂಬಂಧವೇ ಇಲ್ಲ.

ಇತ್ತೀಚಿನ ವರ್ಷಗಳಲ್ಲಿ ಬಿಕಾನೇರ್ ಸೀಮೆಯಲ್ಲಿ ಸೌರ ವಿದ್ಯುತ್ ಸ್ಥಾವರಗಳಿಗಾಗಿ ಖೇಜಡಿಗಳು ಉರುಳುತ್ತಿವೆ. ಬಿಷ್ಣೋಯಿಗಳು ಮತ್ತೆ ಧರಣಿ ಕೂತಿದ್ದಾರೆ. ಕಲ್ಲಿದ್ದಲಿಗೆ ಬದಲಿಯಾಗಿ ಬಂದ ಹಸಿರು ವಿದ್ಯುತ್ತಿಗೆ ಮರುಭೂಮಿಯ ಹಸಿರನ್ನೇ ತೆರಬೇಕೆ ಎಂಬ ಅವರ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಆದರೆ ಅವರ ಇನ್ನೊಂದು ದೂರು ನೇರವಾದದ್ದು: ಅನುಮತಿಯಿಲ್ಲದೆ ಮರ ಕಡಿದವರಿಗೆ ರಾಜ್ಯದ 1955ರ ಗೇಣಿ ಕಾಯ್ದೆ ಬರೆದಿಟ್ಟಿದ್ದ ದಂಡ ಮೊದಲ ಸಲಕ್ಕೆ 100 ರೂಪಾಯಿ. ಮರಗಳಿಗೆಂದೇ ಪ್ರತ್ಯೇಕ ಕಾಯ್ದೆ ತನ್ನಿ ಎಂಬುದು ಅವರ ಬೇಡಿಕೆ.