ಭತ್ತ ಬೇರೆ, ವಟ್ಟ ಬೇರೆ

ವಸಾಹತು ಕಾಲದ ಕಡತಗಳಲ್ಲಿ ಸಂಬಳದ ಮೇಲೆ ಕೊಡುತ್ತಿದ್ದ ಹೆಚ್ಚುವರಿ ಹಣಕ್ಕೆ ‘ಬಟ್ಟಾ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಈ ಒಂದೇ ಪದದಲ್ಲಿ ಎರಡು ಅರ್ಥಗಳು ಸೇರಿಕೊಂಡಿವೆ. ಒಂದು, ಊರು ಬಿಟ್ಟು ಹೋದವನ ಊಟದ ಖರ್ಚು. ಹಳೆಯ ಕೋಶಕಾರರು ಇದರ ಮೂಲವನ್ನು ಕನ್ನಡದ ‘ಭತ್ತ’ದೊಂದಿಗೆ ಜೋಡಿಸಿದ್ದಾರೆ. ಇನ್ನೊಂದು, ನಾಣ್ಯ ಬದಲಾಯಿಸುವಾಗ ಕಳೆದುಹೋಗುವ ಅಂತರ; ಅದನ್ನು ನಮ್ಮ ಸಾಹುಕಾರರು ‘ವಟ್ಟ’ ಎನ್ನುತ್ತಿದ್ದರು. ಲೆಕ್ಕಪತ್ರ ಇಲಾಖೆಯಲ್ಲಿ ಹಲವು ವರ್ಷ ಭತ್ಯೆಗಳ ಪ್ರಸ್ತಾವನೆಗಳನ್ನು ಪರಿಶೀಲಿಸಿದ ನನಗೆ, ಹೊರದೇಶದ ಭತ್ಯೆಗಳಲ್ಲಿ ಆಗುವ ಬಹುತೇಕ ಅನ್ಯಾಯಗಳು ಈ ಎರಡನ್ನು ಒಂದೇ ಎಂದು ಎಣಿಸುವುದರಿಂದ ಹುಟ್ಟುತ್ತವೆ ಎಂದು ಮನವರಿಕೆಯಾಗಿದೆ.

ಪರ್ಷಿಯಾ ಕೊಲ್ಲಿಯ ದಡದ ಬೂಷೆಹರ್ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ಬ್ರಿಟಿಷ್ ರೆಸಿಡೆಂಟನು ಭಾರತ ಸರ್ಕಾರದ ಅಧಿಕಾರಿ. 1878ರಿಂದ ಅವನೇ ಕಾನ್ಸುಲ್ ಜನರಲ್ ಕೂಡ ಆಗಿದ್ದನು. ಪರ್ಷಿಯಾದ ರಾಯಭಾರ ಮತ್ತು ಕಾನ್ಸುಲೇಟುಗಳ ಖರ್ಚನ್ನು ಲಂಡನ್ನಿನ ಖಜಾನೆಯೂ ಭಾರತದ ಖಜಾನೆಯೂ ಹಂಚಿಕೊಳ್ಳುತ್ತಿದ್ದವು. ಹೀಗಾಗಿ ಅಲ್ಲಿನ ಕಚೇರಿಗಳ ಲೆಕ್ಕದಲ್ಲಿ ಮೂರು ನಾಣ್ಯಗಳು ಸೇರುತ್ತಿದ್ದವು: ಚಿನ್ನಕ್ಕೆ ಕಟ್ಟಿದ ಪೌಂಡು, ಭಾರತದ ಬೆಳ್ಳಿ ರೂಪಾಯಿ ಮತ್ತು ಬಜಾರಿನಲ್ಲಿ ನಡೆಯುತ್ತಿದ್ದ ಪರ್ಷಿಯಾದ ಬೆಳ್ಳಿ ಕ್ರಾನ್.

1870ರ ದಶಕದ ನಡುವೆ ಒಂದು ಪೌಂಡಿಗೆ ಸುಮಾರು 11 ರೂಪಾಯಿ ಅಥವಾ ಸುಮಾರು 25 ಕ್ರಾನ್ ಸಿಗುತ್ತಿತ್ತು. ಬಳಿಕ ಜಗತ್ತಿನಲ್ಲಿ ಬೆಳ್ಳಿ ಅಗ್ಗವಾಗುತ್ತ ಹೋಯಿತು. 22 ಪೆನ್ಸ್ (ಆಗ ಒಂದು ಪೌಂಡಿಗೆ 20 ಷಿಲಿಂಗ್, ಅಂದರೆ 240 ಪೆನ್ಸ್) ಆಸುಪಾಸಿನಲ್ಲಿದ್ದ ರೂಪಾಯಿ 1894-95ರ ಹೊತ್ತಿಗೆ 13 ಪೆನ್ಸಿಗೆ ಇಳಿಯಿತು. ಕ್ರಾನ್ ಕೂಡ ಬೆಳ್ಳಿಯೇ ಆದ್ದರಿಂದ ಅದೂ ಜೊತೆಯಲ್ಲೇ ಇಳಿಯಿತು. ರೂಪಾಯಿಯಲ್ಲಿ ಸಂಬಳ ಪಡೆದು, ಬೂಷೆಹರಿನ ಬಜಾರಿನಲ್ಲೇ ಖರ್ಚು ಮಾಡುವ ಮುನ್ಷಿಗೆ ಈ ಕುಸಿತದಿಂದ ನೇರವಾದ ನಷ್ಟವಿರಲಿಲ್ಲ. ನಷ್ಟವಾದದ್ದು ಇಂಗ್ಲೆಂಡಿನಲ್ಲಿದ್ದ ಹೆಂಡತಿ ಮಕ್ಕಳಿಗೆ ಹಣ ಕಳುಹಿಸಬೇಕಿದ್ದ ಅಧಿಕಾರಿಗೆ.

1893ರಲ್ಲಿ ಭಾರತ ಸರ್ಕಾರವು ಹೊರಡಿಸಿದ ವಿನಿಮಯ ಪರಿಹಾರ ಭತ್ಯೆಯ ಆದೇಶವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಭಾರತದಲ್ಲಿ ಕಾಯಂ ನೆಲೆಸದ ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ಅಧಿಕಾರಿಗಳು ತಮ್ಮ ಸಂಬಳದ ಅರ್ಧವನ್ನು, ವರ್ಷಕ್ಕೆ 1,000 ಪೌಂಡಿನ ಮಿತಿಯೊಳಗೆ, ರೂಪಾಯಿಗೆ 18 ಪೆನ್ಸಿನ ರಿಯಾಯಿತಿ ದರದಲ್ಲಿ ಪೌಂಡಿಗೆ ಬದಲಿಸಿಕೊಂಡಂತೆ ಲೆಕ್ಕ ಹಾಕಿ, ಪೇಟೆಯ ದರಕ್ಕೂ ಅದಕ್ಕೂ ಇರುವ ಅಂತರವನ್ನು ಸರ್ಕಾರ ತುಂಬಿಕೊಡುತ್ತಿತ್ತು. ತಿಂಗಳಿಗೆ 1,000 ರೂಪಾಯಿ ಸಂಬಳದ ಅಧಿಕಾರಿಯನ್ನು ತೆಗೆದುಕೊಳ್ಳೋಣ. ಅರ್ಧವೆಂದರೆ 500 ರೂಪಾಯಿ. 18 ಪೆನ್ಸಿನಂತೆ ಅದು 37 ಪೌಂಡ್ 10 ಷಿಲಿಂಗ್. ರೂಪಾಯಿಗೆ 13 ಪೆನ್ಸ್ ಇರುವಾಗ ಅಷ್ಟು ಪೌಂಡು ಕೊಳ್ಳಲು 692 ರೂಪಾಯಿ ಬೇಕು. ಆದ್ದರಿಂದ ಭತ್ಯೆ 192 ರೂಪಾಯಿ. ಅಷ್ಟು ಹಣದಲ್ಲಿ ಕೆಳದರ್ಜೆಯ ಹಲವು ನೌಕರರ ತಿಂಗಳ ಸಂಬಳವೇ ಮುಗಿಯುತ್ತಿತ್ತು.

ಈ ಆದೇಶವು ಭಾರತದೊಳಗಿನ ಸೇವೆಯನ್ನು ಎದುರಿಗಿಟ್ಟುಕೊಂಡು ಹೊರಟಿದ್ದರೂ, ಕೊಲ್ಲಿಯ ಠಾಣೆಗಳನ್ನು ನಡೆಸುತ್ತಿದ್ದವರು ಅದೇ ಸೇವೆಯಿಂದ ಬಂದವರು ಮತ್ತು ಅದೇ ಲೆಕ್ಕದ ಬುದ್ಧಿಯಲ್ಲಿ ಬೆಳೆದವರು. ಆದೇಶದ ದೊಡ್ಡ ದೋಷವನ್ನು ನಾನು ಮೊತ್ತದಲ್ಲಿ ಕಾಣುವುದಿಲ್ಲ, ಅದರ ಅಳತೆಗೋಲಿನಲ್ಲಿ ಕಾಣುತ್ತೇನೆ. ಅಧಿಕಾರಿಯು ನಿಜವಾಗಿ ಊರಿಗೆ ಹಣ ಕಳುಹಿಸಿದನೇ ಎಂದು ಕೇಳುವ ಗೊಡವೆಗೆ ಅದು ಹೋಗಲಿಲ್ಲ. ಹುಟ್ಟು ಮತ್ತು ನೆಲೆ ನೋಡಿ ವಟ್ಟ ಕಟ್ಟಿಕೊಟ್ಟಿತು. ಅದೇ ಹುದ್ದೆಯಲ್ಲಿದ್ದ ಭಾರತೀಯನು ಹೊರಗುಳಿದನು. 1897ರಲ್ಲಿ, ಭಾರತದ ಸರ್ಕಾರಿ ಖರ್ಚಿನ ವಿಚಾರಣೆಗೆ ಬ್ರಿಟನ್ ನೇಮಿಸಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿದ ಗೋಪಾಲ ಕೃಷ್ಣ ಗೋಖಲೆಯವರು ಈ ಭತ್ಯೆಯನ್ನು ಆಕ್ಷೇಪಿಸಿದ್ದು, ಲೆಕ್ಕ ಬಲ್ಲವನ ದೃಷ್ಟಿಯಿಂದಲೂ ಸರಿಯಾದ ಮಾತೇ ಆಗಿತ್ತು.

1898ರ ಹೊತ್ತಿಗೆ ರೂಪಾಯಿ ಬೆಳ್ಳಿಯ ಬೆಲೆಯಿಂದ ಬೇರ್ಪಟ್ಟು 16 ಪೆನ್ಸಿನಲ್ಲಿ ನೆಲೆ ನಿಂತಿತು. ಕ್ರಾನ್ ಮಾತ್ರ ಬೆಳ್ಳಿಯ ಹಿಂದೆಯೇ ಜಾರುತ್ತ ಶತಮಾನದ ಕೊನೆಗೆ ಪೌಂಡಿಗೆ 50 ದಾಟಿತು. 40 ರೂಪಾಯಿ ಸಂಬಳದ ಮುನ್ಷಿಯೊಬ್ಬನು ಇದ್ದನೆಂದು ಊಹಿಸಿದರೆ, 1875ರ ಸುಮಾರಿನಲ್ಲಿ ಅವನ ಕೈಗೆ 90 ಕ್ರಾನ್ ಬರುತ್ತಿತ್ತು, 1900ರಲ್ಲಿ ಸುಮಾರು 135. ಕಾಗದದ ಮೇಲೆ ಇದು ಒಂದೂವರೆ ಪಟ್ಟು. ದೂರದ ಕಚೇರಿಯಲ್ಲಿ ಕುಳಿತ ಪರಿಶೀಲಕನಿಗೆ ‘ಈತನಿಗೆ ಭತ್ಯೆ ಏಕೆ’ ಎಂದು ಷರಾ ಬರೆಯಲು ಇಷ್ಟು ಸಾಕು. ಆದರೆ ಕೊಲ್ಲಿಯ ಬಂದರುಗಳಲ್ಲಿ ಉಣ್ಣುತ್ತಿದ್ದ ಅಕ್ಕಿ ಹೆಚ್ಚಿನ ಪಾಲು ಭಾರತದಿಂದ ಹಡಗೇರಿ ಹೋಗುತ್ತಿತ್ತು. ನಮ್ಮ ಕರಾವಳಿಗೆ ಇದು ಹೊಸ ವಿಷಯವಲ್ಲ. ಹದಿನೆಂಟನೆಯ ಶತಮಾನದಲ್ಲೇ ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಹೋಗುತ್ತಿತ್ತು, ಟಿಪ್ಪು ಸುಲ್ತಾನನು ಅಲ್ಲಿ ವ್ಯಾಪಾರದ ಕೋಠಿಯನ್ನೂ ಇಟ್ಟಿದ್ದನು. ಹೀಗೆ ಬಂದ ಅಕ್ಕಿಯ ಬೆಲೆ ರೂಪಾಯಿಯಲ್ಲಿ ನಿರ್ಧಾರವಾಗುತ್ತದೆ. ಕ್ರಾನ್ ಇಳಿದಷ್ಟೂ ಬಜಾರಿನಲ್ಲಿ ಅದಕ್ಕೆ ಹೆಚ್ಚು ಕ್ರಾನ್ ತೆರಬೇಕಾಗುತ್ತದೆ. ಆ ಅಕ್ಕಿಯನ್ನೇ ಉಣ್ಣುವವನಿಗೆ ವಟ್ಟದಲ್ಲಿ ಬಂದ ಲಾಭ ಅನ್ನದ ತಟ್ಟೆಯಲ್ಲಿ ಕರಗಿಹೋಗುತ್ತದೆ. ಸ್ಥಳದ ಧಾರಣೆ ಪಟ್ಟಿ ಲಗತ್ತಿಸದ ಪ್ರಸ್ತಾವನೆಗಳನ್ನು ನಾನು ಸೇವೆಯುದ್ದಕ್ಕೂ ಹಿಂತಿರುಗಿಸುತ್ತಿದ್ದುದು ಇದೇ ಕಾರಣಕ್ಕೆ. ವಿನಿಮಯ ದರವನ್ನು ಪತ್ರಿಕೆಯಲ್ಲಿ ನೋಡಬಹುದು, ಬೇಳೆಯ ದರವನ್ನು ಅಂಗಡಿಯ ಮುಂದೆ ನಿಂತೇ ಕೇಳಬೇಕು.

ಚೀನಾದ ಪಶ್ಚಿಮ ಅಂಚಿನ ಕಾಶ್ಗರ್‌ನಂಥ ಠಾಣೆಯಲ್ಲಿ ಭತ್ತ, ವಟ್ಟ ಎರಡನ್ನೂ ಮೀರಿದ ಇನ್ನೊಂದು ಖರ್ಚು ಎದುರಾಗುತ್ತಿತ್ತು. ಜಾರ್ಜ್ ಮೆಕಾರ್ಟ್ನಿ 1890ರಿಂದ 1918ರವರೆಗೆ ಅಲ್ಲಿ ಬ್ರಿಟಿಷ್ ಭಾರತದ ಪ್ರತಿನಿಧಿಯಾಗಿದ್ದನು. ಗೋಧಿ, ಮಾಂಸ, ಹಣ್ಣು ಸ್ಥಳದಲ್ಲೇ ಸಿಗುತ್ತಿದ್ದರೂ, ಭಾರತದ ಕಡೆಯಿಂದ ತರಿಸಬೇಕಾದ ಔಷಧ, ಕಾಗದ, ಉಪಕರಣಗಳು ಗಿಲ್ಗಿಟ್-ಹುಂಜಾ ದಾರಿಯಲ್ಲೋ ಲೇಹ್ ದಾರಿಯಲ್ಲೋ ಕಣಿವೆಗಳನ್ನು ದಾಟಿ ಬರಬೇಕಿತ್ತು. ಅಂಥಲ್ಲಿ ವಸ್ತುವಿನ ಬೆಲೆಗಿಂತ ಸಾಗಣೆಯ ಬಾಡಿಗೆಯೇ ಲೆಕ್ಕದ ಮುಖ್ಯ ಬಾಬತ್ತಾಗುತ್ತದೆ. ಸಾಗಣೆ ವೆಚ್ಚವನ್ನು ಭತ್ಯೆಯೊಳಗೆ ಸೇರಿಸದೆ ಪ್ರತ್ಯೇಕವಾಗಿ ತುಂಬಿಕೊಡುವುದೇ ಇಂಥ ಠಾಣೆಗಳಿಗೆ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಮೊದಲ ಮಹಾಯುದ್ಧದ ಕಾಲಕ್ಕೆ ಪರ್ಷಿಯಾದಲ್ಲಿ ಪರಿಸ್ಥಿತಿ ತಲೆಕೆಳಗಾಯಿತು. ಬೆಳ್ಳಿಯ ಬೆಲೆ ಏರಿ ಕ್ರಾನ್ ಪೌಂಡಿನ ಎದುರು ಬಲವಾಯಿತು; ಅದೇ ಹೊತ್ತಿಗೆ, 1917ರಿಂದ 1919ರವರೆಗೆ, ದೇಶವನ್ನು ಭೀಕರ ಕ್ಷಾಮ ಹಿಡಿಯಿತು. ಪೌಂಡಿನಲ್ಲಿ ಸಂಬಳ ಪಡೆಯುವವನು ಮೊದಲ ಬಾರಿಗೆ ವಟ್ಟದಲ್ಲೂ ಸೋತನು, ಭತ್ತದಲ್ಲೂ ಸೋತನು. ಕ್ರಾನ್‌ನಲ್ಲೇ ಕೂಲಿ ಪಡೆಯುತ್ತಿದ್ದ ಆಳಿಗೆ, ಕುದುರೆಯ ಮೇಲೆ ಟಪಾಲು ಒಯ್ಯುವ ‘ಗುಲಾಮ್’ ಎಂದು ಕರೆಯಲಾಗುತ್ತಿದ್ದ ಸವಾರನಿಗೆ, ವಿನಿಮಯ ದರವು ಯಾವ ದಿಕ್ಕಿಗೆ ಹೋದರೂ ಒಂದೇ. ಅವನಿಗೆ ಬೇಕಿದ್ದುದು ರೊಟ್ಟಿಯ ಬೆಲೆಗೆ ಕಟ್ಟಿದ ಪರಿಹಾರ. ಭಾರತದೊಳಗೆ ಕೆಳದರ್ಜೆಯ ನೌಕರರಿಗೆ ಧಾನ್ಯದ ಧಾರಣೆ ಒಂದು ಮಟ್ಟ ಮೀರಿದಾಗ ಧಾನ್ಯ ಪರಿಹಾರ ಭತ್ಯೆ ಕೊಡುವ ಪದ್ಧತಿ ಆಗಲೇ ಬಳಕೆಯಲ್ಲಿತ್ತು. ಇಂದಿನ ತುಟ್ಟಿಭತ್ಯೆಯ ಪೂರ್ವಜ ಅದೇ. ಇಂಗ್ಲೆಂಡಿಗೆ ಹೋಗುವ ಹಣಕ್ಕೆ ಪೆನ್ಸಿನವರೆಗೂ ಲೆಕ್ಕ ಕಟ್ಟಿದ ಆಡಳಿತದ ಕೈಯಲ್ಲಿ ರೊಟ್ಟಿಯ ಲೆಕ್ಕಕ್ಕೆ ಬೇಕಾದ ಸೂತ್ರವೂ ಇತ್ತು.