ಮಗಳಿಗೆ ಚಿತ್ರ, ಡ್ಯಾನ್ಸ್ ಎರಡೂ ಬರುತ್ತೆ, ಥೆರಪಿ ಓದಿಸಬಹುದಾ?

ಪ್ರಶ್ನೆ: "ಮಗಳು ಸೆಕೆಂಡ್ ಪಿಯುಸಿ. ಡ್ರಾಯಿಂಗ್ ಹೈಯರ್ ಗ್ರೇಡ್ ಆಗಿದೆ, ಭರತನಾಟ್ಯ ಸೀನಿಯರ್ ಆಗಿದೆ. ಅಮೆರಿಕದಲ್ಲಿ ಎಕ್ಸ್‌ಪ್ರೆಸಿವ್ ಆರ್ಟ್ಸ್ ಥೆರಪಿ ಅಂತ ಡಿಗ್ರಿ ಇದೆಯಂತೆ. ಕಲೆ ಹೇಗೂ ಬರುತ್ತೆ, ಅರ್ಧ ಕೆಲಸ ಆದ ಹಾಗೇ ಅಲ್ವಾ? ಡಿಗ್ರಿ ಮುಗಿದ ಕೂಡಲೇ ಥೆರಪಿಸ್ಟ್ ಆಗಬಹುದಾ?"

ಪಿಯುಸಿ ರಿಸಲ್ಟ್ ಬರುವ ಹೊತ್ತಿಗೆ ಈ ಪ್ರಶ್ನೆಯೂ ಬರುತ್ತದೆ. ಬೆಂಗಳೂರಿನಿಂದ ಬರುತ್ತದೆ, ಮೈಸೂರಿನಿಂದ ಬರುತ್ತದೆ, ಇಲ್ಲಿ ಬಾಸ್ಟನ್ ಪಕ್ಕದಲ್ಲಿ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಬಿಸಿಬೇಳೆಬಾತ್ ತಟ್ಟೆ ಹಿಡಿದು ನಿಂತವರಿಂದಲೂ ಬರುತ್ತದೆ. ಪ್ರಶ್ನೆ ಬೇರೆ ಬೇರೆ ಬಾಯಿಂದ ಬಂದರೂ "ಅರ್ಧ ಕೆಲಸ ಆದ ಹಾಗೇ" ಅನ್ನುವ ಮಾತು ಮಾತ್ರ ತಪ್ಪುವುದೇ ಇಲ್ಲ.

ಎಕ್ಸ್‌ಪ್ರೆಸಿವ್ ಆರ್ಟ್ಸ್ ಥೆರಪಿ ಅಂದರೆ ಚಿತ್ರ, ಕುಣಿತ, ಸಂಗೀತ, ಬರವಣಿಗೆ ಎಲ್ಲವನ್ನೂ ಬಳಸಿ ಮನಸ್ಸಿನ ತೊಂದರೆಗೆ ನೆರವಾಗುವ ಚಿಕಿತ್ಸೆ. ಚಿಕ್ಕ ಉತ್ತರ ಮೊದಲು. ಓದಿಸಬಹುದು. ಆದರೆ ಡಿಗ್ರಿ ಒಂದರಿಂದಲೇ ಥೆರಪಿಸ್ಟ್ ಆಗುವುದಿಲ್ಲ.

ಈ ವಿಷಯಕ್ಕೆ ಕಾಲೇಜಿನಲ್ಲಿ ಜಾಗ ಸಿಕ್ಕಿದ್ದು 1974ರಲ್ಲಿ, ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿರುವ ಲೆಸ್ಲಿ ಕಾಲೇಜಿನಲ್ಲಿ. ಶುರು ಮಾಡಿದವರು ಶಾನ್ ಮೆಕ್‌ನಿಫ್. ಅದು ಸ್ನಾತಕೋತ್ತರ ಮಟ್ಟದಲ್ಲೇ ಹುಟ್ಟಿದ ಕೋರ್ಸು, ಈಗಲೂ ಅಸಲಿ ತರಬೇತಿ ಆ ಮಟ್ಟದಲ್ಲೇ. ನಾಲ್ಕು ವರ್ಷದ ಬಿಎ ಅನ್ನುವುದು ಅಡಿಪಾಯ. ಅದರ ಮೇಲೆ ಎರಡು ಮೂರು ವರ್ಷದ ಎಂಎ. ಎಂಎ ಒಳಗೇ ನೂರಾರು ಗಂಟೆ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಇಂಟರ್ನ್‌ಶಿಪ್. ಅದಾದ ಮೇಲೆ ಮ್ಯಾಸಚೂಸೆಟ್ಸ್‌ನಲ್ಲಿ ಲೈಸೆನ್ಸ್ ಬೇಕು ಅಂದರೆ ಹಿರಿಯರೊಬ್ಬರ ಕೈಕೆಳಗೆ 3,360 ಗಂಟೆ ಕೆಲಸ, ಅಂದರೆ ಕಡಿಮೆ ಅಂದರೂ ಎರಡು ವರ್ಷ. ಜೊತೆಗೆ ಪರೀಕ್ಷೆ. ಕೂಡಿಸಿ ನೋಡಿ. ಅಷ್ಟರಲ್ಲಿ ಪಕ್ಕದ ಮನೆ ಹುಡುಗ ಎಂಬಿಬಿಎಸ್ ಮುಗಿಸಿ ಪಿಜಿ ಮುಗಿಸುವ ಹಂತದಲ್ಲಿರುತ್ತಾನೆ.

ಇನ್ನೊಂದು ತಮಾಷೆ ಕೇಳಿ. ಇಷ್ಟೆಲ್ಲಾ ಆದ ಮೇಲೆ ಕೈಗೆ ಬರುವ ಲೈಸೆನ್ಸ್ ಮೇಲೆ "ಕಲೆ" ಅನ್ನುವ ಪದವೇ ಇರುವುದಿಲ್ಲ. ಮೆಂಟಲ್ ಹೆಲ್ತ್ ಕೌನ್ಸೆಲರ್ ಅಂತಷ್ಟೇ ಇರುತ್ತದೆ. ಕಲೆಯ ಹೆಸರಲ್ಲೇ ಲೈಸೆನ್ಸ್ ಬೇಕಿದ್ದರೆ ನ್ಯೂಯಾರ್ಕ್‌ಗೆ ಹೋಗಬೇಕು, ಅಲ್ಲಿ ಕ್ರಿಯೇಟಿವ್ ಆರ್ಟ್ಸ್ ಥೆರಪಿಸ್ಟ್ ಅಂತಲೇ ಕೊಡುತ್ತಾರೆ. ಬ್ರಿಟನ್‌ನಲ್ಲಿ ನೋಂದಣಿ ಇಲ್ಲದೆ ಆರ್ಟ್ ಥೆರಪಿಸ್ಟ್ ಅಂತ ಬೋರ್ಡ್ ಹಾಕಿಕೊಂಡರೆ ಅದು ಕಾನೂನಿನ ಪ್ರಕಾರ ಅಪರಾಧ.

ಈಗ ಆ "ಅರ್ಧ ಕೆಲಸ"ಕ್ಕೆ ಬರೋಣ. ಕಲೆ ಬಂದರೆ ಥೆರಪಿ ಅರ್ಧ ಬಂದಂತೆ ಅನ್ನುವ ನಂಬಿಕೆ ಎಷ್ಟು ಗಟ್ಟಿ ಅಂದರೆ, ಅಲ್ಲ ಅಂತ ಹೇಳಿದರೆ ನಾನು ಸುಮ್ನೆ ವಿನಯ ತೋರಿಸುತ್ತಿದ್ದೇನೆ ಅಂದುಕೊಳ್ಳುತ್ತಾರೆ. ವಿನಯ ಅಲ್ಲ ಸ್ವಾಮಿ. ನಾನು ಭರತನಾಟ್ಯದಲ್ಲಿ ವಿದ್ವತ್ ಮಾಡಿಕೊಂಡು ಬಂದವಳು, ನನಗೂ ಅದೇ ಭ್ರಮೆ ಇತ್ತು. ಅದು ಹೋಗಿದ್ದು ಇದೇ ಥೆರಪಿ ಓದಲು ಸೇರಿದ ಮೊದಲ ಸೆಮಿಸ್ಟರ್‌ನ ಮೂರನೇ ವಾರ.

ಕ್ಲಾಸಿನಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿದ್ದರು. ಒಬ್ಬರು ಮೈ ಹೇಗೆ ಹೇಳುತ್ತೋ ಹಾಗೆ ಅಲುಗಾಡಬೇಕು, ಇನ್ನೊಬ್ಬರು ಕನ್ನಡಿಯ ಹಾಗೆ ಅದನ್ನೇ ಮಾಡಬೇಕು. ಅಷ್ಟೇ ಕೆಲಸ. ನನ್ನ ಜೊತೆಗಾತಿ ಮೊದಲು ನರ್ಸ್ ಆಗಿದ್ದವಳು, ಜೀವನದಲ್ಲಿ ಡ್ಯಾನ್ಸ್ ಕಲಿತವಳಲ್ಲ. ಅವಳು ಬಲಗೈಯನ್ನು ನಿಧಾನಕ್ಕೆ ಎತ್ತಿದಳು. ಎದೆಯ ಮಟ್ಟಕ್ಕೆ ಬಂತು, ಅಲ್ಲಿ ನಿಂತುಬಿಟ್ಟಿತು. ಬೆರಳು ಅರ್ಧ ಮಡಚಿದೆ, ಮುಂದೆ ಹೋಗುತ್ತಿಲ್ಲ, ಕೆಳಗೂ ಇಳಿಯುತ್ತಿಲ್ಲ. ನನ್ನ ಕೈಯೂ ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹದಿನಾಲ್ಕು ವರ್ಷದ ಅಭ್ಯಾಸ, ಅದು ತಾನಾಗಿಯೇ ಮೇಲೆ ಹೋಗಿ ಚೆಂದದ ಒಂದು ಅಲಪದ್ಮವಾಗಿ ಅರಳಿತು. ಅವಳು ನನ್ನ ಕೈ ನೋಡಿದಳು, ತನ್ನದನ್ನು ನೋಡಿಕೊಂಡಳು, ಕೈ ಕೆಳಗೆ ಬಿಟ್ಟು ಹೋಗಿ ಕುರ್ಚಿಯಲ್ಲಿ ಕೂತಳು.

ಮೇಷ್ಟ್ರು ಬಂದು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಅದು ಯಾರ ಕೈ?"

ಆ ನಿಂತ ಕೈಯಲ್ಲೇ ಅವತ್ತಿನ ವಿಷಯ ಇತ್ತು. ಆಮೇಲೆ ಅವಳೇ ಹೇಳಿದಳು, ಅವಳಿಗೆ ಏನೋ ನೆನಪು ಬರುವುದರಲ್ಲಿತ್ತಂತೆ. ನಾನು ಅದನ್ನು ಚೆಂದ ಮಾಡಿ ಮುಗಿಸಿಬಿಟ್ಟಿದ್ದೆ. ತಿದ್ದುವ ಕಣ್ಣು, ಪೂರ್ತಿ ಮಾಡುವ ಚಟ, ಇದು ಕಲಾವಿದರಿಗೆ ಆಸ್ತಿ. ಆ ಕೋಣೆಯಲ್ಲಿ ಅದೇ ಅಡ್ಡಗಾಲು. ಈ ಕ್ಷೇತ್ರವನ್ನು ಕಟ್ಟಿದ ಪಾವ್ಲೊ ಕ್ನಿಲ್ ಇದಕ್ಕೊಂದು ಸೂತ್ರವನ್ನೇ ಕೊಟ್ಟಿದ್ದಾರೆ: ಕೌಶಲ ಕಡಿಮೆ ಬೇಡುವ, ಸೂಕ್ಷ್ಮತೆ ಜಾಸ್ತಿ ಬೇಡುವ ಕೆಲಸ ಕೊಡಿ. ಎರಡು ಬಣ್ಣ, ಒಂದು ಮುಷ್ಟಿ ಜೇಡಿಮಣ್ಣು, ಮೂರು ಸ್ವರ ಸಾಕು. ಎದುರಿಗೆ ಕೂತವರಿಗೆ ಕಲೆ ಬರಬೇಕಿಲ್ಲ. ಥೆರಪಿಸ್ಟ್‌ಗೆ ಬಂದರೆ ಸಂತೋಷ, ಆದರೆ ಅದನ್ನು ಜೇಬಲ್ಲಿ ಇಟ್ಟುಕೊಂಡು ಕೂರುವುದನ್ನು ಕಲಿಯಬೇಕು. ನನಗೆ ಅದಕ್ಕೆ ಒಂದು ವರ್ಷ ಹಿಡಿಯಿತು. ನನ್ನ ಜೊತೆಗಾತಿಗೆ ಒಂದು ದಿನವೂ ಹಿಡಿಯಲಿಲ್ಲ, ಅವಳಿಗೆ ಜೇಬಲ್ಲಿ ಇಡಲು ಏನೂ ಇರಲಿಲ್ಲ.

ಹಾಗಾದರೆ ಓದುವುದಾದರೂ ಏನನ್ನು? ಜಾಸ್ತಿ ಪಾಲು ಸೈಕಾಲಜಿ. ಮಗು ಬೆಳೆಯುವ ಹಂತಗಳು, ಮಾನಸಿಕ ಕಾಯಿಲೆಗಳು, ಆಘಾತ ಮೈಯಲ್ಲಿ ಹೇಗೆ ಉಳಿಯುತ್ತದೆ, ಸಂಶೋಧನೆ ಮಾಡುವ ವಿಧಾನ, ನೀತಿ ನಿಯಮ. ಆತ್ಮಹತ್ಯೆಯ ಮಾತು ಬಂದಾಗ ಏನು ಮಾಡಬೇಕು ಅನ್ನುವುದೂ ಅದರಲ್ಲಿ ಸೇರಿದೆ. ಕಲೆಯ ಭಾಗದಲ್ಲಿ ಮುಖ್ಯವಾದ ವಿಷಯ ಅಂದರೆ ಒಂದರಿಂದ ಇನ್ನೊಂದಕ್ಕೆ ದಾಟುವುದು. ಕುಣಿದ ಮೇಲೆ ಬಣ್ಣ, ಬಣ್ಣ ಆದ ಮೇಲೆ ನಾಲ್ಕು ಸಾಲು ಬರವಣಿಗೆ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ಮಗಳು ನಟಾಲಿ ರೋಜರ್ಸ್ ಕ್ಯಾಲಿಫೋರ್ನಿಯಾದಲ್ಲಿ ಕಲಿಸಿದ್ದು ಇದನ್ನೇ. ಬರೀ ಚಿತ್ರ ಹಿಡಿದರೆ ಆರ್ಟ್ ಥೆರಪಿ, ಬರೀ ಸಂಗೀತ ಹಿಡಿದರೆ ಮ್ಯೂಸಿಕ್ ಥೆರಪಿ. ಇದು ಎಲ್ಲದರಲ್ಲೂ ಓಡಾಡುತ್ತದೆ.

ಮಗು ಕಪ್ಪು ಬಣ್ಣ ಬಳಿದರೆ ಡಿಪ್ರೆಶನ್, ಬಾಗಿಲಿಲ್ಲದ ಮನೆ ಬರೆದರೆ ಒಂಟಿತನ, ಇಂಥದ್ದನ್ನು ಹೇಳಿಕೊಡುತ್ತಾರಾ ಅಂತ ಕೇಳಬೇಡಿ. ಅದು ಗಿಣಿಶಾಸ್ತ್ರ. ಕಪ್ಪು ಯಾಕೆ ಅಂತ ಮಗುವನ್ನೇ ಕೇಳಬೇಕು. "ಬೇರೆ ಕ್ರೇಯಾನ್ ಎಲ್ಲಾ ತಮ್ಮ ಮುರಿದುಹಾಕಿದ" ಅನ್ನುವ ಉತ್ತರ ನನಗೆ ಬಂದಿದೆ.

ಓದಿ ವಾಪಸ್ ಬರುವ ಯೋಚನೆ ಇದ್ದರೆ ಒಂದು ಮಾತು. ಅಮೆರಿಕದ ಲೈಸೆನ್ಸ್ ಪಕ್ಕದ ರಾಜ್ಯದಲ್ಲೇ ತಾನಾಗಿ ನಡೆಯುವುದಿಲ್ಲ, ಇನ್ನು ಬೆಂಗಳೂರಲ್ಲಿ ನಡೆಯುತ್ತಾ? ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ದಾರಿ ಬೇರೆಯೇ ಇದೆ, ಕೇಂದ್ರ ಸರ್ಕಾರದ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಒಪ್ಪಿದ ಕೋರ್ಸ್, ಅದರ ನೋಂದಣಿ. ಕಲಾ ಥೆರಪಿಯವರ ಹೆಸರು ಕಾನೂನಿನಲ್ಲಿ ಇಲ್ಲವೇ ಇಲ್ಲ ಅನ್ನುವಂತಿಲ್ಲ, 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಪಟ್ಟಿಯಲ್ಲಿ ಮೂವ್‌ಮೆಂಟ್ ಥೆರಪಿಸ್ಟ್ ಅಂತ ಹಾಕಿ ಅದರೊಳಗೆ ಕಲೆ, ನೃತ್ಯ ಎರಡನ್ನೂ ಸೇರಿಸಿದ್ದಾರೆ. ಆದರೂ ಅಲ್ಲಿನ ಲೈಸೆನ್ಸ್ ನಮ್ಮಲ್ಲಿ ತಾನಾಗಿ ನಡೆಯದ್ದಕ್ಕೇ, ಸಾಲ ಮಾಡುವ ಮೊದಲು ಭಾರತದಲ್ಲೇ ಸೈಕಾಲಜಿ ಬಿಎ ಮಾಡಿಸಿ ಅನ್ನುತ್ತೇನೆ. ಆಮೇಲೂ ಆಸೆ ಉಳಿದಿದ್ದರೆ ಎಂಎಗೆ ಕಳಿಸಿ.

ಯಾರೂ ಸರಿಯಾಗಿ ಕೇಳದ ಇನ್ನೊಂದು ಪ್ರಶ್ನೆ ಇದೆ. ಮುಖದ ಮೇಲೆ ಮಾತ್ರ ಕಾಣಿಸುತ್ತದೆ: ಭಜನೆ, ಕೋಲಾಟ, ಬೀಸುವ ಪದ ಎಲ್ಲಾ ನಮ್ಮಲ್ಲಿ ಇತ್ತಲ್ಲ, ಅಮೆರಿಕದವರು ಬಂದು ಹೇಳಿಕೊಡಬೇಕಾ? ಪ್ರಶ್ನೆ ನ್ಯಾಯವಾದದ್ದೇ. ನಮ್ಮಜ್ಜಿ ಬೆಳಗಿನ ಜಾವ ರಾಗಿ ಬೀಸುತ್ತಾ ತವರಿನ ಪದ ಹೇಳುತ್ತಿದ್ದಳು. ಅತ್ತೆಯ ಎದುರಿಗೆ ಬಾಯಿಬಿಟ್ಟು ಹೇಳಲಾಗದ ಮಾತನ್ನು ಅತ್ತೆ ಮಲಗಿದ ಕೋಣೆಗೆ ಕೇಳಿಸುವ ಹಾಗೆ ಹಾಡಬಹುದಿತ್ತು, ಪದ ತಾನೇ, ಯಾರೂ ಬೈಯುವಂತಿಲ್ಲ. ಮನಸ್ಸು ಹಗುರ ಆಗುತ್ತಿತ್ತು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೂ ನಾನು ಅದನ್ನು ಥೆರಪಿ ಅನ್ನುವುದಿಲ್ಲ. ಥೆರಪಿ ಅಂದರೆ ಹಾಡು ನಿಂತ ಮೇಲೆ ಎದುರಿಗೆ ಒಬ್ಬರು ಇರಬೇಕು, ಹೊರಬಿದ್ದ ಮಾತಿಗೆ ಅವರು ಹೊಣೆ ಹೊರಬೇಕು, ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ಸಿಗಬೇಕು. ಅಜ್ಜಿಗೆ ಅಂಥವರು ಇರಲಿಲ್ಲ. ಯಾಕಜ್ಜಿ ಅಳ್ತಿದೀಯ ಅಂತ ನಾನು ಒಮ್ಮೆ ಕೇಳಿದ್ದಕ್ಕೆ "ಹಿಟ್ಟು ಕಣ್ಣಿಗೆ ಬಿತ್ತು, ಹೋಗಿ ಮಲಕ್ಕೋ" ಅಂದಳು. ನಾನು ಹೋಗಿ ಮಲಗಿದೆ. ಬೀಸುವ ಕಲ್ಲಿನ ಗೂಟ ಮತ್ತೆ ತಿರುಗಿತು.